ಕೆಂಪು ಧೂಳಿನ ದಾರಿಗೆ ಯಾವ ಏರ್ ಫಿಲ್ಟರ್? ಒಂದು ಪಿಕಪ್ ಗಾಡಿಯ ಪ್ರಕರಣ

ಈ ಗಾಡಿ ಸಂಡೂರು ಸೀಮೆಯದು. ಮಾಲೀಕರ ಹೆಸರು, ಊರು, ಗಾಡಿಯ ಕಂಪನಿ, ಫಿಲ್ಟರಿನ ಕಂಪನಿ ಯಾವುದನ್ನೂ ಬರೆಯುತ್ತಿಲ್ಲ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ. "ನನ್ನ ಇಂಜಿನ್ ಹೋದದ್ದು ಹೋತು ಮೇಸ್ತ್ರಿ, ಇನ್ನೊಬ್ಬರದಾದ್ರೂ ಉಳೀಲಿ" ಅಂದರು. ಡೀಸೆಲ್ ಗಾಡಿಗಳ ಕೆಲಸ ಮಾಡುವ ನನ್ನಂಥವರಿಗೂ, ಏರ್ ಇನ್‌ಟೇಕ್ (ಇಂಜಿನ್ನಿಗೆ ಗಾಳಿ ಹೋಗುವ ದಾರಿ) ಬದಲಿಸೋಣ ಅಂತ ಯೋಚಿಸುತ್ತಿರುವ ಮಾಲೀಕರಿಗೂ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಇಡುತ್ತಿದ್ದೇನೆ.

ಗಾಡಿ ಮತ್ತು ದಾರಿ

ಬಿಎಸ್ 4 (ಹೊಗೆ ಮಿತಿಯ ಹಳೆಯ ನಿಯಮ) ಕಾಲದ ಪಿಕಪ್. 2.5 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್, ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್. ದಿನಾ ಬೆಳಿಗ್ಗೆ ನೀರಿನ ಕ್ಯಾನು, ದಿನಸಿ, ತರಕಾರಿ ತುಂಬಿಕೊಂಡು ಗುಡ್ಡದ ಮೇಲಿನ ಕೆಲಸಗಾರರ ಕ್ಯಾಂಪುಗಳಿಗೆ ಏರಬೇಕು. ಹೋಗುವಾಗ ಒಂದು ಟನ್‌ಗಿಂತ ಸ್ವಲ್ಪ ಹೆಚ್ಚು ಲೋಡು, ಬರುವಾಗ ಖಾಲಿ ಕ್ಯಾನು.

ದಾರಿ ಅದಿರು ಟಿಪ್ಪರ್‌ಗಳದು. ಸಂಡೂರಿನ ಕಡೆ ಬಂದವರಿಗೆ ಹೇಳಬೇಕಾಗಿಲ್ಲ: ರಸ್ತೆ ಪಕ್ಕದ ಬೇವಿನ ಮರ, ಹೋಟೆಲಿನ ಬೋರ್ಡು, ಎಮ್ಮೆಯ ಬೆನ್ನು, ಎಲ್ಲ ಒಂದೇ ಕೆಂಪು. ನೀರು ಹೊಡೆದ ದಿನ ಪರವಾಗಿಲ್ಲ. ಹೊಡೆಯದ ದಿನ ಮುಂದಿನ ಟಿಪ್ಪರಿನ ಹಿಂದಿನ ಲೈಟೂ ಕಾಣುವುದಿಲ್ಲ. ನಮ್ಮ ಗುಡ್ಡಗಳ ಕಲ್ಲಿನಲ್ಲಿ ಹೆಮಟೈಟ್ (ಕಬ್ಬಿಣದ ಅದಿರು) ಜೊತೆ ಕ್ವಾರ್ಟ್ಸ್ (ಬೆಣಚು ಕಲ್ಲು) ಪಟ್ಟಿ ಪಟ್ಟಿಯಾಗಿ ಸೇರಿರುತ್ತದೆ. ಕ್ವಾರ್ಟ್ಸ್ ಗಾಜಿನ ಮೇಲೂ ಗೀರು ಎಳೆಯುವಷ್ಟು ಗಟ್ಟಿ. ಈ ಧೂಳು ಇಂಜಿನ್ ಒಳಗೆ ಹೋದರೆ ಎಣ್ಣೆಯ ಜೊತೆ ಸೇರಿ ವಾಲ್ವ್ ಉಜ್ಜುವ ಪೇಸ್ಟಿನ ಹಾಗೆ ಕೆಲಸ ಮಾಡುತ್ತದೆ.

ಶುರುವಾದದ್ದು ಎಲ್ಲಿ

ಆ ಬೇಸಿಗೆಯಲ್ಲಿ ಗಾಡಿ ಗುಡ್ಡ ಏರುವಾಗ ಎಳೆಯುವುದು ಕಡಿಮೆಯಾಯಿತು. ಮೂರನೇ ಗೇರಿನಲ್ಲಿ ಏರುತ್ತಿದ್ದ ಕಡೆ ಎರಡಕ್ಕೆ ಬರಬೇಕು, ಕಪ್ಪು ಹೊಗೆ ಬೇರೆ. ಮಾಲೀಕರು ದೊಡ್ಡ ಊರಿನ ಒಂದು ಅಂಗಡಿಗೆ ಹೋಗಿ ಕೇಳಿದರು. ಅಲ್ಲಿ ಕೊಟ್ಟ ಸಲಹೆ: ಕಂಪನಿ ಡಬ್ಬಿ (ಗಾಡಿಯ ಜೊತೆ ಬಂದ ಏರ್ ಫಿಲ್ಟರಿನ ಪೆಟ್ಟಿಗೆ) ಇಂಜಿನ್ ಉಸಿರು ಕಟ್ಟುತ್ತದೆ, ಅದನ್ನು ಬಿಚ್ಚಿ ಓಪನ್ ಕೋನ್ ಫಿಲ್ಟರ್ ಹಾಕಿ. ಎಣ್ಣೆ ಸವರಿದ ಹತ್ತಿ ಜಾಲರಿಯ ಫಿಲ್ಟರು, ಅಲ್ಯೂಮಿನಿಯಂ ಪೈಪು, ಎರಡು ಕ್ಲಾಂಪು, ಒಟ್ಟು 8,500 ರೂಪಾಯಿ. ತೊಳೆದು ಮತ್ತೆ ಹಾಕಬಹುದು, ಜೀವಮಾನವಿಡೀ ಬರುತ್ತದೆ ಅಂದರು.

ಹಾಕಿಸಿಕೊಂಡು ಬಂದ ದಿನದಿಂದಲೇ ಗಾಡಿ ಎಳೆಯಿತು. ಇದು ಸುಳ್ಳಲ್ಲ, ಡ್ರೈವರ್ ಕೂಡ ಅದನ್ನೇ ಹೇಳಿದ. ಇಂಜಿನ್ ಉಸಿರೆಳೆಯುವ ಸದ್ದು ಕ್ಯಾಬಿನ್ ಒಳಗೆ ಜೋರಾಗಿ ಕೇಳುತ್ತಿತ್ತು, ಖುಷಿಯೂ ಆಗಿತ್ತು. ಹಳೆಯ ಡಬ್ಬಿ ಮನೆಯ ಅಟ್ಟ ಸೇರಿತು.

ನನ್ನ ಹತ್ತಿರ ಬಂದದ್ದು

ಐದು ತಿಂಗಳು, ಸುಮಾರು 14,000 ಕಿಲೋಮೀಟರ್ ಆದ ಮೇಲೆ ಗಾಡಿ ನಮ್ಮ ಗ್ಯಾರೇಜಿಗೆ ಬಂತು. ದೂರು ಬೇರೆ: "ಆಯಿಲ್ ತಿನ್ನಾಕ ಹತ್ತೈತಿ ಮೇಸ್ತ್ರಿ. ಹದಿನೈದು ದಿನಕ್ಕೊಮ್ಮೆ ಒಂದು ಲೀಟರ್ ಹಾಕ್ತೀನಿ." ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸ್ ಬುಸ್ ಅಂತ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನಿಂದ ಕೆಳಗೆ ಸೋರಿ ಬರುವ ಗಾಳಿ.

ಇಲ್ಲಿ ನನ್ನದೇ ಒಂದು ತಪ್ಪು ಬರೆಯಬೇಕು. ಟರ್ಬೊದಿಂದ ಸೀಟಿಯಂಥ ಸದ್ದು ಬರುತ್ತಿತ್ತು, ಇಂಟರ್‌ಕೂಲರ್ ಪೈಪಿನಲ್ಲಿ ಆಯಿಲ್ ಇತ್ತು. ಟರ್ಬೊ ಸೀಲ್ ಹೋಗಿದೆ, ಆಯಿಲ್ ಅಲ್ಲಿಂದ ಹೋಗುತ್ತಿದೆ ಅಂತ ತೀರ್ಮಾನಿಸಿದೆ. ಇಂಥ ಗಾಡಿಗಳಲ್ಲಿ ಅದು ಸಾಮಾನ್ಯ. ಬ್ಯಾಕ್ ಕಂಪ್ರೆಷನ್ ಕಣ್ಣೆದುರಿಗೇ ಇದ್ದರೂ ಕಂಪ್ರೆಷನ್ ಗೇಜ್ ಹಾಕದೆ ಟರ್ಬೊ ಬಿಚ್ಚೋಕೆ ಹೇಳಿದೆ.

ನಮ್ಮ ಗ್ಯಾರೇಜಿನ ಹುಡುಗ ಟರ್ಬೊಗೆ ಹೋಗುವ ರಬ್ಬರ್ ಪೈಪ್ ಎಳೆದು ತೆಗೆದ. ಕೈ ಒರೆಸಿಕೊಳ್ಳೋಕೆ ಹೋದವನು ನಿಂತು, ಬೆರಳು ತೋರಿಸಿದ. ಪೈಪಿನ ಒಳಗೆ ಹಾಕಿದ್ದ ಬೆರಳು ಕುಂಕುಮದ ಬಟ್ಟಲಲ್ಲಿ ಅದ್ದಿದ ಹಾಗೆ ಕೆಂಪಾಗಿತ್ತು. ಅದು ಫಿಲ್ಟರ್ ಆದ ಮೇಲಿನ ಪೈಪು. ಅಲ್ಲಿ ಕೈಗೆ ಏನೂ ಹತ್ತಬಾರದು.

ಟರ್ಬೊದ ಗಾಳಿ ಎಳೆಯುವ ಚಕ್ರ ನೋಡಿದೆವು. ರೆಕ್ಕೆಗಳ ಅಂಚು ಮರಳು ಕಾಗದದಲ್ಲಿ ಉಜ್ಜಿದ ಹಾಗೆ ತೆಳುವಾಗಿ, ಒಂದೊಂದು ಕಡೆ ಬ್ಲೇಡಿನಂತೆ ಚೂಪಾಗಿತ್ತು. ಆಮೇಲೆ ಕಂಪ್ರೆಷನ್ ನೋಡಿದೆ. ಈ ಇಂಜಿನ್ ಚೆನ್ನಾಗಿದ್ದಾಗ 28 ಬಾರ್ ಆಸುಪಾಸು ಇರಬೇಕಾದ್ದು, ನಾಲ್ಕೂ ಸಿಲಿಂಡರಿನಲ್ಲಿ 18ರಿಂದ 21ರ ಒಳಗೆ. ಯಾವುದೋ ಒಂದು ಸಿಲಿಂಡರ್ ಮಾತ್ರ ಇಳಿದಿದ್ದರೆ ಇಂಜೆಕ್ಟರ್, ವಾಲ್ವ್ ಅಂತ ಹುಡುಕಬಹುದಿತ್ತು. ನಾಲ್ಕೂ ಸಮಾನವಾಗಿ ಇಳಿದಿವೆ ಅಂದರೆ ನಾಲ್ಕಕ್ಕೂ ಹೋಗುವ ಗಾಳಿಯನ್ನೇ ಅನುಮಾನಿಸಬೇಕು.

ಲ್ಯಾಬಿಗೆ ಆಯಿಲ್ ಕಳಿಸೋಣವೇ ಅಂತ ಯೋಚನೆ ಬಂತು. ಬೇರೆ ಕಡೆಯಾದರೆ ಆಯಿಲಿನಲ್ಲಿ ಕಬ್ಬಿಣ ಕಂಡರೆ ಇಂಜಿನ್ ಸವೆತ, ಸಿಲಿಕಾನ್ ಕಂಡರೆ ಧೂಳು ಅಂತ ಬೇರೆ ಬೇರೆ ಮಾಡಬಹುದು. ನಮ್ಮ ಸೀಮೆಯ ಧೂಳೇ ಕಬ್ಬಿಣ. ಕಬ್ಬಿಣ ಸಿಕ್ಕರೆ ಅದು ಲೈನರಿನದೋ (ಸಿಲಿಂಡರಿನ ಒಳಗೋಡೆ) ಗುಡ್ಡದ್ದೋ ಹೇಳೋದು ಕಷ್ಟ. ಪೈಪಿನ ಸಾಕ್ಷಿ ಕೈಯಲ್ಲೇ ಇದ್ದಾಗ ಆ ಖರ್ಚು ಬೇಡ ಅನ್ನಿಸಿತು.

ಇಂಜಿನ್ ಬಿಚ್ಚುವ ಮೊದಲು

ಇಂಜಿನ್ ಕೆಲಸ ಮಾಡಿಸಲೇಬೇಕು ಅಂತ ಗೊತ್ತಾದ ಮೇಲೆ ಎಲ್ಲರೂ ಅವಸರ ಮಾಡುತ್ತಾರೆ. ಗಾಡಿ ನಿಂತರೆ ಕಂತು ನಿಲ್ಲುವುದಿಲ್ಲ. ಆದರೂ ನಾನು ಮಾಲೀಕರನ್ನು ನಾಲ್ಕು ದಿನ ಕೇಳಿಕೊಂಡೆ. ಹೇಗೂ ಹಾಳಾಗಿರುವ ಇಂಜಿನ್. ಧೂಳು ಎಲ್ಲಿಂದ ಬರುತ್ತಿದೆ ಅಂತ ಇದರ ಮೇಲೇ ನೋಡಿಕೊಳ್ಳೋಣ, ಹೊಸ ಪಿಸ್ಟನ್ ಹಾಕಿದ ಮೇಲೆ ಪ್ರಯೋಗ ಮಾಡೋದಕ್ಕೆ ಆಗುವುದಿಲ್ಲ. ಈ ಪ್ರಕರಣದಲ್ಲಿ ನಾವು ಸರಿಯಾಗಿ ಮಾಡಿದ ಕೆಲಸಗಳಲ್ಲಿ ಇದೇ ಮೊದಲನೆಯದು. ಮುಂದೆ ಬರುವುದೆಲ್ಲ ಇದರಿಂದ ಸಾಧ್ಯವಾಯಿತು.

ಪರೀಕ್ಷೆ ಸುಲಭ. ಟರ್ಬೊ ತಿರುಗುತ್ತಿತ್ತು, ಅದನ್ನೇ ಮತ್ತೆ ಕೂರಿಸಿದೆವು. ಫಿಲ್ಟರ್ ಮತ್ತು ಟರ್ಬೊ ನಡುವಿನ ಪೈಪನ್ನು ಡೀಸೆಲಿನಲ್ಲಿ ತೊಳೆದು ಒರೆಸಿ, ಒಳಗೆ ಒಂದು ಅಂಗೈ ಅಗಲ ತೆಳುವಾಗಿ ಗ್ರೀಸ್ ಸವರಿದೆವು. ಒಂದು ಟ್ರಿಪ್ ಕಳಿಸಿ, ಬಂದ ಮೇಲೆ ಬಿಳಿ ಬಟ್ಟೆಯಲ್ಲಿ ಒರೆಸಿದೆವು. 40 ಕಿಲೋಮೀಟರಿಗೇ ಗ್ರೀಸ್ ಕೆಂಪಾಗಿತ್ತು. ಎರಡು ಬೆರಳ ನಡುವೆ ಉಜ್ಜಿದರೆ ರವೆಯ ಹಾಗೆ ಕರಕರ.

ಕೋನ್ ಫಿಲ್ಟರಿನ ಕುತ್ತಿಗೆ ಮತ್ತು ಪೈಪಿನ ಅಳತೆ ಸೇರುತ್ತಿರಲಿಲ್ಲ. ಅಂಗಡಿಯ ಫಿಟ್ಟರ್ ಟ್ಯೂಬಿನ ರಬ್ಬರ್ ಪಟ್ಟಿ ಸುತ್ತಿ ಕ್ಲಾಂಪ್ ಬಿಗಿದಿದ್ದ. ಎರಡನೇ ದಿನ ಆ ಜಾಗವನ್ನು ಸಿಲಿಕೋನ್ ಅಂಟು ಹಚ್ಚಿ ಪೂರ್ತಿ ಮುಚ್ಚಿ ಮತ್ತೆ ಕಳಿಸಿದೆ. ಧೂಳು ಕಡಿಮೆಯಾಯಿತು, ನಿಲ್ಲಲಿಲ್ಲ. ಅಂದರೆ ಸ್ವಲ್ಪ ಜಾಯಿಂಟಿನಿಂದ, ಸ್ವಲ್ಪ ಜಾಲರಿಯ ಮೂಲಕವೇ.

ಜಾಲರಿಯ ಬಗ್ಗೆ ಒಂದು ನ್ಯಾಯದ ಮಾತು. ಹತ್ತಿ ಜಾಲರಿಯಲ್ಲಿ ಧೂಳು ಹಿಡಿಯೋದಕ್ಕೆ ಅದರ ಎಣ್ಣೆ ಬೇಕೇ ಬೇಕು. ಮಾಲೀಕರು ವಾರಕ್ಕೊಮ್ಮೆ ಸೋಪಿನ ಪುಡಿಯಲ್ಲಿ ತೊಳೆದು ಒಣಗಿಸಿ ಹಾಗೇ ಹಾಕುತ್ತಿದ್ದರು, ಆ ಎಣ್ಣೆ ಇಲ್ಲಿ ಸಿಗಲಿಲ್ಲ. ಒಂದು ಸಲ ಇಂಜಿನ್ ಆಯಿಲನ್ನೇ ಸುರಿದಿದ್ದರು. ಅದು ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಹತ್ತಿ, ಎಚ್ಚರಿಕೆ ದೀಪ ಉರಿದು, ಅದನ್ನು ತೊಳೆಸಿದ ಖರ್ಚು ಬೇರೆ. ಇದೇ ಫಿಲ್ಟರ್ ಟಾರ್ ರಸ್ತೆಯ ಮೇಲೆ, ಸರಿಯಾದ ಎಣ್ಣೆಯಲ್ಲಿ, ಅಳತೆಗೆ ಕೂರುವ ಪೈಪಿನಲ್ಲಿ ಇದ್ದಿದ್ದರೆ ಇಷ್ಟು ಹಾನಿ ಮಾಡುತ್ತಿರಲಿಲ್ಲ ಅಂತ ನಾನು ನಂಬುತ್ತೇನೆ.

ನೀರಿನ ಪೈಪಿನ ಲೆಕ್ಕ

ಮೂರನೇ ದಿನ ಅಟ್ಟದಿಂದ ಕಂಪನಿ ಡಬ್ಬಿ ಇಳಿಸಿದೆವು. ಅದರೊಳಗಿನ ಹಳೆಯ ಪೇಪರ್ ಫಿಲ್ಟರ್ ಹಾಗೇ ಇತ್ತು. ಕತ್ತಲೆ ಕೋಣೆಯಲ್ಲಿ ಅದರ ಹಿಂದೆ ಬಲ್ಬ್ ಹಿಡಿದರೆ ಬಹಳಷ್ಟು ಕಡೆ ಬೆಳಕೇ ಬರಲಿಲ್ಲ. ಮಡಿಕೆಗಳ ತುದಿಯಲ್ಲಿ ಮಾತ್ರ ಎರಡು ಕಡೆ ಸೂಜಿ ಮೊನೆಯಷ್ಟು ಬೆಳಕು. ಪಂಚರ್ ಅಂಗಡಿಯಲ್ಲಿ ಏರ್ ಹೊಡೆಸಿ ಹೊಡೆಸಿ ಪೇಪರ್ ತೂತಾಗಿತ್ತು. ಟೈರಿಗೆ ತುಂಬುವ ಗಾಳಿಯನ್ನು ಅದೇ ಒತ್ತಡದಲ್ಲಿ ಹೊರಗಿನಿಂದ ಹೊಡೆದರೆ ಇನ್ನೇನಾಗುತ್ತದೆ?

ಈಗ ಮುಖ್ಯ ಪ್ರಶ್ನೆ. ಕಂಪನಿ ಡಬ್ಬಿ ನಿಜವಾಗಿ ಉಸಿರು ಕಟ್ಟುತ್ತದೆಯೇ? ಇದನ್ನು ಬಾಯಿಮಾತಲ್ಲಿ ವಾದ ಮಾಡುವುದಕ್ಕಿಂತ ಅಳೆಯೋದು ಸುಲಭ. ಗೋಡೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡುವ ಲೆವೆಲ್ ಪೈಪ್ ತಂದು, ಒಂದೂವರೆ ಮೀಟರಿನ ಹಲಗೆಗೆ ಇಂಗ್ಲಿಷ್ 'ಯು' ಅಕ್ಷರದ ಹಾಗೆ ಬಡಿದು, ಅರ್ಧಕ್ಕೆ ನೀರು ತುಂಬಿ ನಾಲ್ಕು ಹನಿ ಇಂಕು ಹಾಕಿದೆ. ಒಂದು ತುದಿ ಫಿಲ್ಟರ್ ಆದ ಮೇಲಿನ ಪೈಪಿಗೆ ಕೂರಿಸಿದ ನಿಪ್ಪಲಿಗೆ, ಇನ್ನೊಂದು ತುದಿ ಕ್ಯಾಬಿನ್ ಗಾಳಿಗೆ. ಇಂಜಿನ್ ಎಳೆದಷ್ಟೂ ಒಂದು ಕಡೆ ನೀರು ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಎರಡು ಮಟ್ಟಗಳ ನಡುವಿನ ಅಂತರವೇ ಫಿಲ್ಟರ್ ಒಡ್ಡುವ ತಡೆ. ಹಲಗೆ ಗಿಡ್ಡ ಮಾಡಬೇಡಿ, ನೀರು ಪೈಪ್ ಹತ್ತಿ ಇಂಜಿನ್ ಒಳಗೇ ಹೋದೀತು.

ಲೋಡ್ ಹಾಕಿ, ಅದೇ ಏರಿನಲ್ಲಿ, ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಅಳೆದೆವು. ಮಾಲೀಕರೇ ಹಲಗೆ ಹಿಡಿದು ಕೂತಿದ್ದರು. ಕೋನ್ ಫಿಲ್ಟರ್: 12 ಸೆಂಟಿಮೀಟರ್. ಕಂಪನಿ ಡಬ್ಬಿ, ಹೊಸ ಪೇಪರ್ ಫಿಲ್ಟರ್: 22. ಅದೇ ಡಬ್ಬಿ, ಹಳೆಯ ಕಟ್ಟಿದ ಫಿಲ್ಟರ್: 58. ಟರ್ಬೊ ಡೀಸೆಲ್‌ಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 25 ಇಂಚು, ಅಂದರೆ 63 ಸೆಂಟಿಮೀಟರ್ ಚಿಲ್ಲರೆ. ಅದರ ಹತ್ತಿರ ಬಂದರೆ ಫಿಲ್ಟರ್ ಬದಲಿಸಬೇಕು.

"ಬರೀ ಹತ್ತು ಸೆಂಟಿಮೀಟರ್ ಹೆಚ್ಚುಕಮ್ಮಿ. ಇದು ಎಷ್ಟು ಮೇಸ್ತ್ರಿ?" ಅಂತ ಕೇಳಿದರು. ನಮ್ಮ ಮೇಲಿರುವ ಗಾಳಿಯ ಒತ್ತಡವನ್ನು ನೀರಿನಲ್ಲಿ ಅಳೆದರೆ ಸುಮಾರು ಹತ್ತು ಮೀಟರ್ ಎತ್ತರ. ಅದರಲ್ಲಿ ಹತ್ತು ಸೆಂಟಿಮೀಟರ್ ಅಂದರೆ ನೂರಕ್ಕೆ ಒಂದು. 8,500 ರೂಪಾಯಿ ಕೊಟ್ಟು, ಒಂದು ಇಂಜಿನ್ ಕಳೆದುಕೊಂಡು ಅವರು ಗಳಿಸಿದ್ದು ಆ ಒಂದು. ಅದೂ ಪೂರ್ತಿ ಸಿಗಲಿಲ್ಲ. ಓಪನ್ ಕೋನ್ ರೇಡಿಯೇಟರಿನ ಹಿಂದೆ ಕೂತು ಬಾನೆಟ್ ಒಳಗಿನ ಬಿಸಿಗಾಳಿ ಎಳೆಯುತ್ತಿತ್ತು. ಹೊರಗೆ 38 ಡಿಗ್ರಿ, ಒಳಗೆ 60 ಡಿಗ್ರಿ ಇದ್ದರೆ ಅದೇ ಅಳತೆಯ ಗಾಳಿಯ ತೂಕ ನೂರಕ್ಕೆ ಆರೂವರೆ ಕಡಿಮೆ. ಇಂಟರ್‌ಕೂಲರ್ ಸ್ವಲ್ಪ ತುಂಬಿಕೊಡುತ್ತದೆ, ಆದರೂ ನಷ್ಟ ನಷ್ಟವೇ.

ಹಾಗಾದರೆ ಕೋನ್ ಹಾಕಿಸಿದ ದಿನ ಗಾಡಿ ಎಳೆದದ್ದು ಹೇಗೆ? ಇದಕ್ಕೆ ಉತ್ತರ ಇಂಟರ್‌ಕೂಲರಿನ ಮೇಲಿನ ಹೋಸ್ ಪೈಪಿನ ಹತ್ತಿರ ಸಿಕ್ಕಿತು. ಅಲ್ಲಿ ಹಳೆಯ ಆಯಿಲ್ ಕಲೆ, ಅದರ ಮೇಲೆ ಹೊಸ ಕ್ಲಾಂಪ್. ಡ್ರೈವರಿಗೆ ನೆನಪಾಯಿತು: ಕೋನ್ ಕೂರಿಸುವಾಗ ಅಡ್ಡ ಬಂತು ಅಂತ ಆ ಹೋಸ್ ಬಿಚ್ಚಿ, ಹಳೆಯ ಕ್ಲಾಂಪ್ ತುಂಡಾಗಿದೆ ಅಂತ ಹೊಸದು ಹಾಕಿದ್ದರು. ಮೊದಲು ಗಾಡಿ ಎಳೆಯದೇ ಇದ್ದದ್ದು ಟರ್ಬೊ ಗಾಳಿ ಅಲ್ಲಿ ಸೋರುತ್ತಿದ್ದಕ್ಕೆ, ಜೊತೆಗೆ ಫಿಲ್ಟರ್ ಕಟ್ಟಿಕೊಂಡಿದ್ದಕ್ಕೆ. ಒಂದು ಕ್ಲಾಂಪು, ಒಂದು ಪೇಪರ್ ಫಿಲ್ಟರು, ಸಾವಿರ ರೂಪಾಯಿಯ ಒಳಗಿನ ಕೆಲಸ. ಮಾಲೀಕರು ಬಹಳ ಹೊತ್ತು ಮಾತಾಡಲಿಲ್ಲ. ನನಗೂ ಸಂಕಟವಾಯಿತು.

ಹೊಸದು ಆರಿಸಿದ್ದು ಹೇಗೆ

ಇಂಜಿನ್ ಬಿಚ್ಚಿದಾಗ ಮೇಲಿನ ರಿಂಗುಗಳೇ ಹೆಚ್ಚು ಸವೆದಿದ್ದವು, ಲೈನರಿನ ಮೇಲ್ಭಾಗದಲ್ಲಿ ಉಗುರಿಗೆ ತಗಲುವಷ್ಟು ಮೆಟ್ಟಿಲು. ಲೈನರ್, ಪಿಸ್ಟನ್, ಬೇರಿಂಗ್, ಟರ್ಬೊ ಕಾರ್ಟ್ರಿಜ್ ಸೇರಿ 1,12,000 ರೂಪಾಯಿ ಆಯಿತು. ಗಾಡಿ 19 ದಿನ ನಿಂತಿತು. ಲೇತಿನ ಕೆಲಸ ನಡೆಯುತ್ತಿದ್ದಾಗ ನಾವು ಇನ್‌ಟೇಕ್ ಬಗ್ಗೆ ಕೂತು ಮಾತಾಡಿದೆವು.

ಫಿಲ್ಟರ್ ಮಾರುವವರು ನೂರಕ್ಕೆ 99 ಧೂಳು ಹಿಡಿಯುತ್ತದೆ ಅನ್ನುತ್ತಾರೆ, ಇನ್ನೊಬ್ಬರು 99.9 ಅನ್ನುತ್ತಾರೆ. ಕೇಳೋದಕ್ಕೆ ಎರಡೂ ಒಂದೇ. ಈ ಇಂಜಿನ್ ಲೋಡಿನಲ್ಲಿ ಗಂಟೆಗೆ ಸುಮಾರು 300 ಘನ ಮೀಟರ್ ಗಾಳಿ ಎಳೆಯುತ್ತದೆ. ಮುಂದೇನೂ ಕಾಣದಂಥ ಧೂಳಿನಲ್ಲಿ ಒಂದು ಘನ ಮೀಟರಿಗೆ ಒಂದು ಗ್ರಾಮಿಗಿಂತ ಸ್ವಲ್ಪ ಕಡಿಮೆ ಧೂಳು ಇರುತ್ತದೆ ಅಂತ ಲೆಕ್ಕ. ಅಂದರೆ ಟಿಪ್ಪರಿನ ಬಾಲ ಹಿಡಿದು ಒಂದು ಗಂಟೆ ಏರಿದರೆ ಫಿಲ್ಟರಿನ ಬಾಗಿಲಿಗೆ ಕಾಲು ಕಿಲೋ ಧೂಳು. 99 ಹಿಡಿಯುವ ಫಿಲ್ಟರ್ ಒಳಗೆ ಬಿಡುವುದು ಎರಡೂವರೆ ಗ್ರಾಂ, 99.9 ಹಿಡಿಯುವುದು ಕಾಲು ಗ್ರಾಂ. ಹತ್ತು ಪಟ್ಟು ವ್ಯತ್ಯಾಸ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ್ದು ಎಷ್ಟು ಕುದುರೆಶಕ್ತಿ ಹೆಚ್ಚುತ್ತದೆ ಅಂತಲ್ಲ, ಏರ್ ಫಿಲ್ಟರುಗಳಿಗಿರುವ ಐಎಸ್ಒ 5011 ಪರೀಕ್ಷೆಯಲ್ಲಿ ಎಷ್ಟು ಧೂಳು ಹಿಡಿದಿದೆ ಅಂತ. ನಾವು ಕೇಳಿದ ಮೂರು ಅಂಗಡಿಗಳಲ್ಲಿ ಯಾರ ಹತ್ತಿರವೂ ಆ ಕಾಗದ ಇರಲಿಲ್ಲ. ಅದೇ ನಮ್ಮ ಆಯ್ಕೆಯನ್ನು ಅರ್ಧ ಮುಗಿಸಿತು: ಕಂಪನಿಯ ಪೇಪರ್ ಫಿಲ್ಟರ್, ಕಂಪನಿಯ ಡಬ್ಬಿ.

ಆದರೆ ಅಷ್ಟೇ ಸಾಲದು. ಡಬ್ಬಿಯ ಬಾಯಿ ಹೆಡ್‌ಲೈಟಿನ ಹಿಂದೆ, ಟಿಪ್ಪರಿನ ಚಕ್ರ ಎಬ್ಬಿಸುವ ಧೂಳಿನ ಮಟ್ಟದಲ್ಲೇ ಇದೆ. ಫಿಲ್ಟರ್ ಎರಡು ತಿಂಗಳಿಗೇ ಕಟ್ಟಿಕೊಳ್ಳುತ್ತದೆ, ಮತ್ತೆ ಏರ್ ಹೊಡೆಸುವ ಚಾಳಿ ಶುರುವಾಗುತ್ತದೆ. ಧೂಳನ್ನು ಮೊದಲೇ ಕಡಿಮೆ ಮಾಡಬೇಕು.

ಮೊದಲು ಟ್ರ್ಯಾಕ್ಟರಿನ ಪ್ರೀ ಕ್ಲೀನರ್ ಹಾಕಿದೆವು, ಬಾನೆಟ್ ಮೇಲೆ ಕಾಣುವ ಆ ಗಾಜಿನ ಬಟ್ಟಲಿನಂಥದ್ದು. ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಬದಿಗೆ ಎಸೆಯುವ ಸರಳ ಉಪಾಯ. ಕಡಿಮೆ ಬೆಲೆ, ಎಲ್ಲ ಕಡೆ ಸಿಗುತ್ತದೆ. ಹಲಗೆ ಹಿಡಿದು ಏರು ಹತ್ತಿಸಿದರೆ 71 ಸೆಂಟಿಮೀಟರ್! ಹೊಸ ಫಿಲ್ಟರ್ ಇದ್ದೂ ಮಿತಿ ದಾಟಿತ್ತು. ಆಮೇಲೆ ಯೋಚಿಸಿದರೆ ಸರಿಯಾಗೇ ಇದೆ. ಟರ್ಬೊ ಇಲ್ಲದ ಟ್ರ್ಯಾಕ್ಟರ್ 2,000 ಚಿಲ್ಲರೆ ಸುತ್ತಿನಲ್ಲಿ ಎಳೆಯುವ ಗಾಳಿಯ ಎರಡು ಪಟ್ಟು ಈ ಪಿಕಪ್ 3,000 ಸುತ್ತಿನಲ್ಲಿ ಎಳೆಯುತ್ತದೆ. ಅಳೆಯುವ ಹಲಗೆ ಇಲ್ಲದಿದ್ದರೆ ಅದನ್ನೇ ಬಿಟ್ಟು ಕಳಿಸುತ್ತಿದ್ದೆನೋ ಏನೋ.

ಎರಡನೇ ಸಲ ಲಾರಿಯ ಅಳತೆಯ ಪ್ರೀ ಕ್ಲೀನರ್ ತಂದು, ಕ್ಯಾಬಿನ್ ಹಿಂದೆ, ಚಾವಣಿಯ ಮಟ್ಟಕ್ಕೆ, ಲೋಡ್ ಬಾಡಿಯ ಚೌಕಟ್ಟಿನ ಒಳಗೇ ನಿಲ್ಲಿಸಿದೆವು. ಬದಿಗೆ ಚಾಚಿದರೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸುವಾಗ ತಕರಾರು ಬರಬಹುದು, ತಯಾರಕರ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆ ಹಾಕುತ್ತದೆ. ಅಲ್ಲಿಂದ ದಪ್ಪ ಪೈಪು ಕಂಪನಿ ಡಬ್ಬಿಯ ಬಾಯಿಗೆ. ಅಳತೆ: 31 ಸೆಂಟಿಮೀಟರ್. ಪೈಪಿನ ಜಾಯಿಂಟುಗಳಿಗೆ ಅಳತೆಯ ರಬ್ಬರ್ ಬೆಲ್ಲೋಸ್, ಡಬ್ಬಿಯ ಮುಚ್ಚಳಕ್ಕೆ ಹೊಸ ಕ್ಲಿಪ್. ಹಳೆಯ ನಿಪ್ಪಲಿಗೆ ಲಾರಿಯಲ್ಲಿ ಇರುವಂಥ ಕೆಂಪು ಗುರುತಿನ ರಿಸ್ಟ್ರಿಕ್ಷನ್ ಇಂಡಿಕೇಟರ್, ಫಿಲ್ಟರ್ ಕಟ್ಟಿಕೊಂಡರೆ ಕೆಂಪು ತೋರಿಸುವ ಮೀಟರ್. ಪ್ರೀ ಕ್ಲೀನರ್, ಪೈಪು, ವೆಲ್ಡಿಂಗ್ ಎಲ್ಲ ಸೇರಿ 6,300 ರೂಪಾಯಿ, ಕೋನ್ ಫಿಲ್ಟರಿಗಿಂತ ಕಡಿಮೆ.

ಡ್ರೈವರಿಗೆ ಒಂದೇ ಮಾತು ಹೇಳಿದೆ: ಕೆಂಪು ಗುರುತು ಬರುವ ತನಕ ಡಬ್ಬಿ ಬಿಚ್ಚಬೇಡ. ಪೇಪರಿನ ಮೇಲೆ ಕೂತ ತೆಳು ಧೂಳಿನ ಪದರವೇ ಮುಂದೆ ಬರುವ ಸಣ್ಣ ಧೂಳನ್ನು ಹಿಡಿಯುತ್ತದೆ. ಸ್ವಲ್ಪ ಬಳಸಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಶೋಧಿಸುತ್ತದೆ. ಪದೇ ಪದೇ ಬಿಚ್ಚಿದರೆ ಆ ಪದರವೂ ಹೋಗುತ್ತದೆ, ಡಬ್ಬಿಯಲ್ಲಿದ್ದ ಧೂಳು ಒಳಗಿನ ಪೈಪಿಗೂ ಬೀಳುತ್ತದೆ. ಇದನ್ನು ಒಪ್ಪಿಸೋದಕ್ಕೆ ಬಹಳ ಕಷ್ಟವಾಯಿತು. ಫಿಲ್ಟರ್ ಕೊಡವದೆ ಇರೋದು ಸೋಮಾರಿತನ ಅಂತ ನಾವೇ ಎಷ್ಟೋ ವರ್ಷ ಹೇಳಿಕೊಟ್ಟಿದ್ದೇವಲ್ಲ.

ಆಮೇಲೆ

ಹನ್ನೊಂದು ತಿಂಗಳು, 26,000 ಕಿಲೋಮೀಟರ್ ಆಗಿದೆ. ಎರಡು ಆಯಿಲ್ ಬದಲಾವಣೆಯ ನಡುವೆ ಆಯಿಲ್ ಹಾಕಿಲ್ಲ. ಟರ್ಬೊ ರೆಕ್ಕೆ ಟಾರ್ಚ್ ಹಾಕಿ ನೋಡಿದೆ, ಅಂಚು ಹೊಸದರಂತೆ ಇದೆ. ತಿಂಗಳಿಗೊಮ್ಮೆ ಗ್ರೀಸ್ ಪರೀಕ್ಷೆ ಮಾಡುತ್ತೇವೆ, ಬಿಳಿ ಬಟ್ಟೆಯ ಮೇಲೆ ಗ್ರೀಸಿನ ಬಣ್ಣವೇ ಬರುತ್ತದೆ. ಮಳೆಗಾಲದಲ್ಲಿ ಒಂದು ತೊಂದರೆ ಕಂಡಿತು. ಪ್ರೀ ಕ್ಲೀನರ್ ಕೆಳಗಿನ ರಬ್ಬರ್ ತುಟಿಯಲ್ಲಿ ಕೆಸರು ಗಟ್ಟಿಯಾಗಿ ಕೂತು, ಹಿಡಿದ ಧೂಳು ಹೊರಗೆ ಬೀಳದೆ ತುಂಬಿಕೊಂಡಿತ್ತು. ಈಗ ಡ್ರೈವರ್ ದಿನಾ ಬೆಳಿಗ್ಗೆ ಆಯಿಲ್ ನೋಡುವಾಗ ಅದನ್ನು ಎರಡು ಬೆರಳಲ್ಲಿ ಒಮ್ಮೆ ಹಿಂಡುತ್ತಾನೆ.

ಕಳೆದ ತಿಂಗಳು ಮಾಲೀಕರು ತಮ್ಮ ಬಾಮೈದನನ್ನು ಕರೆದುಕೊಂಡು ಬಂದಿದ್ದರು, ಅವರದೂ ಅದೇ ಪಿಕಪ್. "ನಮ್ಮ ಗಾಡಿಗೆ ಮಾಡಿದ್ದನ್ನೇ ಇದಕ್ಕೂ ಮಾಡ್ರಿ" ಅಂದರು. ಗಾಡಿ ಎಲ್ಲಿ ಓಡುತ್ತದೆ ಅಂತ ಕೇಳಿದೆ. ಹೊಸಪೇಟೆಯಿಂದ ಹುಬ್ಬಳ್ಳಿಗೆ, ಹೆದ್ದಾರಿಯಲ್ಲೇ, ಬಟ್ಟೆ ಮೂಟೆ. ಹಲಗೆ ಹಾಕಿ ಅಳೆದೆ, 27 ಸೆಂಟಿಮೀಟರ್ ಬಂತು. ಪೈಪಿನ ಒಳಗೆ ಬೆರಳು ಹಾಕಿದೆ, ಸ್ವಚ್ಛ. ಇಂಟರ್‌ಕೂಲರಿನ ಒಂದು ಕ್ಲಾಂಪ್ ಸಡಿಲವಾಗಿತ್ತು, ಬಿಗಿ ಮಾಡಿ, ಇದಕ್ಕೇನೂ ಬೇಡ ಅಂತ ಕಳಿಸಿದೆ. ಅಷ್ಟು ದೂರ ಬಂದು ಬರಿಗೈಲಿ ಹೋಗಬೇಕಲ್ಲ ಅಂತ ಬಾಮೈದನ ಮುಖ ಸಣ್ಣದಾಗಿತ್ತು.